ಮೋಡೆಮ್‌ನಿಂದ ಬೆಳಕಿನ ಎಳೆಗೆ: ಒಂದು ತ್ರೈರಾಶಿಕ

(ಬಾನುಲಿ ಭಾಷಣ)



ಮಳೆಗಾಲ ಬಂತೆಂದರೆ ನಮ್ಮ ಆಲೂರು, ಸಕಲೇಶಪುರ ಸೀಮೆಯವರು ದಿನವೂ ತಪ್ಪದೆ ವಿಚಾರಿಸುವ ಅಂಕಿಗಳು ಎರಡುಂಟು. ಗೊರೂರಿನ ಹೇಮಾವತಿ ಜಲಾಶಯಕ್ಕೆ ಒಳಹರಿವು ಎಷ್ಟು ಕ್ಯುಸೆಕ್ ಎಂಬುದು ಒಂದು. ಅಣೆಕಟ್ಟೆಯಲ್ಲಿ ನಿಂತಿರುವ ನೀರು ಎಷ್ಟು ಟಿ.ಎಂ.ಸಿ. ಎಂಬುದು ಇನ್ನೊಂದು. ಮೊದಲನೆಯದು ಹರಿವಿನ ದರ, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ಎಂಬ ಲೆಕ್ಕ. ಎರಡನೆಯದು ಶೇಖರವಾದ ಮೊತ್ತ. 11,574 ಕ್ಯುಸೆಕ್ ನೀರು ಒಂದು ಹಗಲು ಒಂದು ಇರುಳು ಎಡೆಬಿಡದೆ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ, ಅಂತಹ 37ಕ್ಕೆ ತುಸು ಹೆಚ್ಚು ಟಿ.ಎಂ.ಸಿ. ಸೇರಿದರೆ ಹೇಮಾವತಿ ಜಲಾಶಯ ತುಂಬುತ್ತದೆ. ಈ ಎರಡು ಅಳತೆಗಳನ್ನು ಒಂದೆಂದು ಭ್ರಮಿಸುವ ರೈತ ನಮ್ಮ ಕಡೆ ಸಿಕ್ಕುವುದು ದುರ್ಲಭ. ನೀರಿನ ವಿಷಯದಲ್ಲಿ ನಮ್ಮ ಜನಕ್ಕೆ ಇರುವ ಈ ವಿವೇಕ, ಈಗ ಮನೆಮನೆಗೂ ಹರಿದು ಬರುತ್ತಿರುವ ಇನ್ನೊಂದು ಹೊಳೆಯ ವಿಷಯದಲ್ಲಿಯೂ ಇರಬೇಕು ಎಂಬುದೇ ಈ ಭಾಷಣದ ಉದ್ದೇಶ. ಆ ಹೊಳೆ ಮಾಹಿತಿಯ ಹೊಳೆ. ಒಂದು ಕಾಲದಲ್ಲಿ ಅದು ದೂರವಾಣಿಯ ತಾಮ್ರದ ತಂತಿಯಲ್ಲಿ, ಮೋಡೆಮ್ ಎಂಬ ಪೆಟ್ಟಿಗೆಯ ಮೂಲಕ, ಹನಿಹನಿಯಾಗಿ ಬರುತ್ತಿತ್ತು. ಈಗ ಗಾಜಿನ ಎಳೆಯಲ್ಲಿ ಬೆಳಕಾಗಿ ಬರುತ್ತಿದೆ. ಇವೆರಡನ್ನೂ ಒಂದೇ ಕೊಳಗದಲ್ಲಿ ಅಳೆಯುವುದು ಹೇಗೆ?

ನಾನು ಇಂಜಿನಿಯರನಲ್ಲ, ಕನ್ನಡ ಎಂ.ಎ. ಓದಿ, ಕನ್ನಡವನ್ನೇ ಪಾಠ ಹೇಳಿ ನಿವೃತ್ತನಾದವನು. ಆದರೆ ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆ ಲೆಕ್ಕವೇನೂ ಅನ್ಯವಲ್ಲ. ರಾಷ್ಟ್ರಕೂಟರ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. 12ನೆಯ ಶತಮಾನದಲ್ಲಿ, ಹೊಯ್ಸಳರ ಕಾಲದಲ್ಲಿ, ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ವ್ಯಾಪಾರಿಗೂ ಒಕ್ಕಲಿಗನಿಗೂ ಬೇಕಾದ ಲೆಕ್ಕ ಅವರ ಮಾತಿನಲ್ಲಿಯೇ ಇರಬೇಕೆಂಬ ಅರಿವು ಎಂಟುನೂರು ವರ್ಷಗಳಿಗೂ ಹಿಂದೆಯೇ ನಮ್ಮಲ್ಲಿತ್ತು. ಆ ಪರಂಪರೆಯ ಗಣಿತದಲ್ಲಿ ತ್ರೈರಾಶಿಕಕ್ಕೆ ವಿಶೇಷ ಸ್ಥಾನ. ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳು ತಿಳಿದಿದ್ದರೆ ನಾಲ್ಕನೆಯದನ್ನು ಕಂಡುಹಿಡಿಯಬಹುದು: ಇಚ್ಛೆಯನ್ನು ಫಲದಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಸರಿ. ಆದರೆ ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು ಎಂಬುದು ಇಲ್ಲಿಯ ನಿಯಮ. ಸೇರನ್ನು ಸೇರಿನೊಡನೆ ಹೋಲಿಸಬೇಕೇ ಹೊರತು ಕೊಳಗದೊಡನೆ ಅಲ್ಲ. ಹಳೆಯ ಮೈಸೂರು ಸೀಮೆಯಲ್ಲಿ 20 ಕೊಳಗಕ್ಕೆ ಒಂದು ಖಂಡುಗವೇನೋ ನಿಜ. ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿನಿಂದ ಊರಿಗೆ ಬೇರೆಯಾಗುತ್ತಿತ್ತು. ಇದನ್ನು ವಿಚಾರಿಸದೆ ಧಾನ್ಯ ಕೊಂಡವನ ಪಾಡೇನಾಗುತ್ತಿತ್ತು ಎಂಬುದನ್ನು ಹೇಳಬೇಕಾಗಿಲ್ಲ. ಈಗಿನ ಮಾಹಿತಿಯ ವ್ಯವಹಾರದಲ್ಲಿಯೂ ಕೊಳಗಗಳು ಹಲವು ಇವೆ. ಅವನ್ನು ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ಚಿಕ್ಕ ಅಳತೆಯ ಹೆಸರು ಬಿಟ್. ಹೌದು ಅಥವಾ ಇಲ್ಲ, ಒಂದು ಅಥವಾ ಸೊನ್ನೆ, ಇಷ್ಟನ್ನೇ ಹೇಳಬಲ್ಲ ಕಣ ಅದು. ಇಂತಹ ಎಂಟು ಬಿಟ್‌ಗಳು ಸೇರಿ ಒಂದು ಬೈಟ್. ತಂತಿಯಲ್ಲಾಗಲಿ ಎಳೆಯಲ್ಲಾಗಲಿ ಹರಿವನ್ನು ಸೆಕೆಂಡಿಗೆ ಇಷ್ಟು ಬಿಟ್ ಎಂದು ಅಳೆಯುವುದು ದೂರಸಂಪರ್ಕದವರ ರೂಢಿ. ಕಡತದ ಗಾತ್ರವನ್ನು ಇಷ್ಟು ಬೈಟ್ ಎಂದು ಹೇಳುವುದು ಗಣಕಯಂತ್ರದವರ ರೂಢಿ. ಒಂದು ಕ್ಯುಸೆಕ್‌ನಂತೆ, ಇನ್ನೊಂದು ಟಿ.ಎಂ.ಸಿ.ಯಂತೆ; ಸಾಲದುದಕ್ಕೆ ಮೂಲಮಾನವೂ ಬೇರೆ. ಆದುದರಿಂದ 100 ಮೆಗಾಬಿಟ್‌ನ ಸಂಪರ್ಕ ಎಂದಾಗ 100 ಮೆಗಾಬೈಟ್‌ನ ಕಡತ ಒಂದು ಸೆಕೆಂಡಿನಲ್ಲಿ ಬಂದು ಬೀಳುತ್ತದೆ ಎಂದು ತಿಳಿಯಕೂಡದು; ಎಂಟು ಸೆಕೆಂಡು ಬೇಕು. ಇನ್ನೂ ಒಂದು ಸೂಕ್ಷ್ಮವಿದೆ. ದೂರಸಂಪರ್ಕದಲ್ಲಿ ಕಿಲೋ ಎಂದರೆ ಸರಿಯಾಗಿ 1,000. ಗಣಕಯಂತ್ರದ ಸ್ಮೃತಿಯ ಲೆಕ್ಕದಲ್ಲಿ ಕಿಲೋ ಎಂದರೆ ಅನೇಕ ವೇಳೆ 1,024. ಮೆಗಾ ಎನ್ನುವಲ್ಲಿಗೆ ಈ ವ್ಯತ್ಯಾಸ ನೂರಕ್ಕೆ ಸುಮಾರು ಐದರಷ್ಟಾಗುತ್ತದೆ. ದೊಡ್ಡ ವ್ಯತ್ಯಾಸವಲ್ಲ, ಆದರೂ ಲೆಕ್ಕವೆಂದ ಮೇಲೆ ತಿಳಿದಿರಬೇಕು.

ಈಗ ಹಳೆಯ ಮೋಡೆಮ್‌ನ ಕಡೆಗೆ ಬರೋಣ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮುಂದೆ 2000ದ ಅಕ್ಟೋಬರಿನಲ್ಲಿ ಭಾರತ ಸಂಚಾರ ನಿಗಮ ಸ್ಥಾಪನೆಯಾದ ಮೇಲೆ ನಮ್ಮಂತಹ ತಾಲ್ಲೂಕು ಕೇಂದ್ರಗಳವರೂ ಮನೆಯ ದೂರವಾಣಿಯಿಂದಲೇ 172233 ಎಂಬ ಸಂಖ್ಯೆಗೆ ಕರೆಮಾಡಿ ಸಂಪರ್ಕ ಪಡೆಯುವಂತಾಯಿತು. ಕರೆ ಹೋದೊಡನೆ ಮೋಡೆಮ್ ಸಿಳ್ಳು ಹಾಕಿ, ಕರಕರ ಸದ್ದು ಮಾಡಿ, ಅರ್ಧ ನಿಮಿಷ ಏನನ್ನೋ ಗೊಣಗಿ ಆಮೇಲೆ ಸುಮ್ಮನಾಗುತ್ತಿತ್ತು. ಆ ಸದ್ದು ಎರಡು ಮೋಡೆಮ್‌ಗಳು ತಂತಿಯ ಗುಣವನ್ನು ಪರೀಕ್ಷಿಸಿ ತಮ್ಮೊಳಗೆ ಒಂದು ದರವನ್ನು ಗೊತ್ತುಮಾಡಿಕೊಳ್ಳುವ ಸಂಭಾಷಣೆ. ಪೆಟ್ಟಿಗೆಯ ಮೇಲೆ 56,000 ಎಂದು ಅಚ್ಚಾಗಿದ್ದರೂ ನಮ್ಮ ಮನೆಯ ಪರದೆಯ ಮೂಲೆಯಲ್ಲಿ 40,000ದ ಆಚೀಚೆ ಮೂಡುತ್ತಿತ್ತು. ಆಷಾಢದ ಮಳೆಯಲ್ಲಿ ತಂತಿಯ ಕೀಲುಗಳಿಗೆ ನೀರಿಳಿದರೆ ಅದೂ ಇಲ್ಲ.

ಈ 56,000 ಎಲ್ಲಿಂದ ಬಂತು? ಇದರ ಉತ್ತರ ಸ್ವಾರಸ್ಯವಾಗಿದೆ, ಏಕೆಂದರೆ ಮೋಡೆಮ್‌ಗೂ ಬೆಳಕಿನ ಎಳೆಗೂ ಇರುವ ನೆಂಟಸ್ತಿಕೆ ಇಲ್ಲಿಯೇ ಇದೆ. ದೂರವಾಣಿಯನ್ನು ರೂಪಿಸಿದ್ದು ಮನುಷ್ಯನ ಮಾತಿಗಾಗಿ. ಸೆಕೆಂಡಿಗೆ 300ರಿಂದ 3,400 ಕಂಪನಗಳ ಒಳಗಿನ ಧ್ವನಿಯನ್ನು ಸಾಗಿಸಿದರೆ ಮಾತು ತಿಳಿಯುತ್ತದೆ ಎಂದು ಅವರು ಗೊತ್ತುಮಾಡಿದರು. ಮುಂದೆ ವಿನಿಮಯ ಕೇಂದ್ರಗಳು ಅಂಕೀಯವಾದಾಗ ಆ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದರು. ಎಂಟು ಸಾವಿರದ ಎಂಟರಷ್ಟು 64,000. ಒಂದು ದೂರವಾಣಿ ಮಾತಿನ ಬೆಲೆ ಸೆಕೆಂಡಿಗೆ 64,000 ಬಿಟ್. ಹಳ್ಳಿಗಳಿಗಾಗಿ ನಮ್ಮ ದೇಶದಲ್ಲೇ ಸಿ-ಡಾಟ್ ಸಂಸ್ಥೆ ರೂಪಿಸಿದ ಅಂಕೀಯ ಗ್ರಾಮೀಣ ವಿನಿಮಯ ಕೇಂದ್ರದ ಮೊದಲನೆಯದು 1986ರಲ್ಲಿ ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ ಎಂಬುದನ್ನು ಕನ್ನಡಿಗರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಮೋಡೆಮ್ ಮಾಡುತ್ತಿದ್ದುದು ಬಿಟ್‌ಗಳನ್ನು ಧ್ವನಿಯ ವೇಷ ತೊಡಿಸಿ ಈ ಮಾತಿನ ಹಾದಿಯಲ್ಲಿ ಕಳುಹಿಸುವ ಕೆಲಸ. 1962ರಲ್ಲಿ ಅಮೆರಿಕದ ಬೆಲ್ ಸಂಸ್ಥೆಯ ಮೋಡೆಮ್ ಸೆಕೆಂಡಿಗೆ 300 ಬಿಟ್ ಸಾಗಿಸುತ್ತಿತ್ತು. 1994ರ ವೇಳೆಗೆ ಅದು 28,800ಕ್ಕೂ, 1996ರಲ್ಲಿ 33,600ಕ್ಕೂ ಏರಿತು. ಗದ್ದಲವಿರುವ ಯಾವ ಹಾದಿಗೂ ಒಂದು ಮೇಲ್ಮಿತಿ ಇದ್ದೇ ಇದೆ ಎಂದು ಕ್ಲಾಡ್ ಶಾನನ್ 1948ರಲ್ಲೇ ಗಣಿತದಿಂದ ತೋರಿಸಿಕೊಟ್ಟಿದ್ದನು; ಮಾತಿಗಾಗಿ ಕಡಿದ ಆ ಇಕ್ಕಟ್ಟಾದ ಹಾದಿಗೆ 33,600 ಹೆಚ್ಚುಕಡಮೆ ಆ ಮಿತಿಯ ಅಂಚೇ ಸರಿ. ಆದರೆ ಸೇವೆ ಒದಗಿಸುವವರು ವಿನಿಮಯ ಕೇಂದ್ರಕ್ಕೆ ಅಂಕೀಯವಾಗಿಯೇ ಕೂಡಿಕೊಂಡರೆ ಆ ಕಡೆಯಿಂದ ಈ ಕಡೆಗೆ ಗದ್ದಲದ ಒಂದು ಮುಖ್ಯ ಕಾರಣ ತಪ್ಪುತ್ತದೆ. ಆಗ 8 ಬಿಟ್‌ಗಳಲ್ಲಿ ಒಂದನ್ನು ನೆಚ್ಚಲಾಗದೆಂದು ಬಿಟ್ಟು, ಉಳಿದ ಏಳನ್ನು ಬಳಸಬಹುದು. ಎಂಟು ಸಾವಿರದ ಏಳರಷ್ಟು 56,000. 1998ರ ವಿ.90 ಎಂಬ ಮಾನಕ ಬಂದದ್ದು ಹೀಗೆ. ಈ 56,000 ಇಳಿಮುಖದ ಹರಿವಿಗೆ ಮಾತ್ರ ಎಂಬುದನ್ನು ಗಮನಿಸಬೇಕು. ಮನೆಯಿಂದ ಹೊರಗೆ ಹೋಗುವ ಏರುಮುಖದ ಹರಿವು 33,600ರಲ್ಲೇ ನಿಂತಿತು.

ಇನ್ನು ಬೆಳಕಿನ ಎಳೆ. ಶುದ್ಧವಾದ ಗಾಜಿನಲ್ಲಿ ಬೆಳಕನ್ನು ಬಹುದೂರ ಸಾಗಿಸಬಹುದೆಂದು 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಪ್ರತಿಪಾದಿಸಿದರು. ಕಾವೊಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದಕ್ಕೂ ಮೊದಲೇ, 1954ರಲ್ಲಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದವರಲ್ಲಿ ನಮ್ಮ ದೇಶದ ನರಿಂದರ್ ಸಿಂಗ್ ಕಪಾನಿ ಒಬ್ಬರು. ಎಳೆಯ ಗಾಜಿನ ವ್ಯಾಸ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ಅದರೊಳಗೆ ಬೆಳಕು ಹರಿಯುವ ತಿರುಳು ಇನ್ನೂ ಸಣ್ಣದು, ಸುಮಾರು 9 ಮೈಕ್ರೋಮೀಟರ್.

ಈ ಎಳೆಯಲ್ಲಿ ಹರಿವನ್ನು ಜೋಡಿಸುವ ಕ್ರಮವೂ ಆ ಹಳೆಯ ದೂರವಾಣಿ ಮಾತಿನಿಂದಲೇ ಆರಂಭವಾಗುತ್ತದೆ. 64,000ದ 32 ಕಂತುಗಳು ಸೇರಿ 20 ಲಕ್ಷ 48 ಸಾವಿರ ಬಿಟ್‌ಗಳ ಒಂದು ಹೊರೆ. ಇದಕ್ಕೆ ಇ-1 ಎಂದು ಹೆಸರು. 32ರಲ್ಲಿ 30 ಮಾತಿಗೆ, ಎರಡು ಮೇಲ್ವಿಚಾರಣೆಗೆ. ಇಂತಹ 63 ಹೊರೆಗಳನ್ನು ಏರಿಸಿಕೊಳ್ಳುವ ಗಾಡಿಗೆ ಎಸ್‌ಟಿಎಂ-1 ಎಂದು ಹೆಸರು. ಅಮೆರಿಕದವರು ಅದೇ ದರವನ್ನು ಓಸಿ-3 ಎನ್ನುತ್ತಾರೆ. 1988ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಇದರ ದರ ಸೆಕೆಂಡಿಗೆ 15 ಕೋಟಿ 55 ಲಕ್ಷ 20 ಸಾವಿರ ಬಿಟ್. ವಿಚಿತ್ರವಾಗಿ ಕಾಣುವ ಈ ಸಂಖ್ಯೆಯನ್ನು ಬಿಡಿಸಿ ನೋಡಿದರೆ 9 ಸಾಲು, 270 ಕಂಬ, ಪ್ರತಿ ಮನೆಯಲ್ಲಿ 8 ಬಿಟ್. ಇಂತಹ ಚೌಕಟ್ಟು ಸೆಕೆಂಡಿಗೆ 8,000. ಅದೇ ಎಂಟು ಸಾವಿರ! ಮನುಷ್ಯನ ದನಿಯನ್ನು ಅಳೆದ ಆ ತಾಳವೇ ಬೆಳಕಿನ ಎಳೆಯಲ್ಲಿಯೂ ಬೀಳುತ್ತಿದೆ.

ಈಗ ತ್ರೈರಾಶಿಕವನ್ನು ಹಾಕೋಣ. ಒಂದು ಎಸ್‌ಟಿಎಂ-1 ಎಷ್ಟು ಮೋಡೆಮ್‌ಗಳಿಗೆ ಸಮ? ಪಟ್ಟಿಯಿಂದ ಅಂಕಿಗಳನ್ನು ತೆಗೆದು 15,55,20,000ವನ್ನು 56,000ದಿಂದ ಭಾಗಿಸಿದರೆ 2,777 ಬರುತ್ತದೆ. ಪರಿವರ್ತನೆಯ ಕೋಷ್ಟಕಗಳು ಹೇಳುವ ಉತ್ತರ ಇದೇ. ಭಾಗಾಕಾರದಲ್ಲಿ ದೋಷವಿಲ್ಲ. ಆದರೆ ಅಷ್ಟು ಮೋಡೆಮ್‌ಗಳನ್ನು ಆ ಎಳೆಯ ಮೇಲೆ ಏರಿಸಹೋದರೆ 1,890 ಮಾತ್ರ ಹಿಡಿಸುತ್ತವೆ. 887 ಮೋಡೆಮ್‌ಗಳು ಹೊರಗೆ ನಿಲ್ಲುತ್ತವೆ. ಏಕೆಂದರೆ 56,000ದ ಮೋಡೆಮ್ ಕರೆಯಾದರೂ ಅದು ಹಿಡಿಯುವುದು ಒಂದು ಇಡೀ ಮಾತಿನ ಜಾಗವನ್ನು, ಅಂದರೆ 64,000ವನ್ನು. ಒಂದು ಇ-1ರಲ್ಲಿ ಅಂತಹ ಜಾಗ 30. ಒಂದು ಎಸ್‌ಟಿಎಂ-1ರಲ್ಲಿ 63 ಇ-1. ಅರವತ್ತಮೂರು ಮೂವತ್ತಲ 1,890. ಉಳಿದ ಬಿಟ್‌ಗಳು ಗಾಡಿಯ ಗಾಲಿಗೆ, ಮೂಕಿಗೆ, ಕಾವಲಿಗೆ ವೆಚ್ಚವಾದವು. ಮೋಡೆಮ್‌ಗಳು ನಿಜವಾಗಿ ಸಾಗಿಸುವ ಸರಕು 1,890ರ 56,000ದಷ್ಟು, ಎಂದರೆ 10 ಕೋಟಿ 58 ಲಕ್ಷ 40 ಸಾವಿರ ಬಿಟ್ ಮಾತ್ರ. ಎಳೆಯ ದರದ ಮೂರನೆಯ ಎರಡು ಪಾಲಿಗೆ ಸ್ವಲ್ಪ ಮೇಲೆ. ನಮ್ಮ ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಚೆರಿಯ ಚೀಲ 50 ಕಿಲೋ ತೂಗಿದರೂ ವ್ಯಾಪಾರಿ ಕೇಳುವುದು ಔಟ್‌ಟರ್ನ್ ಎಷ್ಟು ಎಂದಲ್ಲವೆ? ಹಾದಿಯ ದರ ಚೀಲದ ತೂಕ. ಬಳಕೆಗೆ ಸಿಕ್ಕುವುದು ಔಟ್‌ಟರ್ನ್. ತೂಕವನ್ನು ತೂಕಕ್ಕೆ, ಬೀಜವನ್ನು ಬೀಜಕ್ಕೆ ಹೋಲಿಸಬೇಕು. ಸಜಾತಿಯ ನಿಯಮ ಎಂದರೆ ಇದೇ.

ಮೇಲಿನ ಮೆಟ್ಟಿಲುಗಳನ್ನೂ ನೋಡಿಬಿಡೋಣ. ಎಸ್‌ಟಿಎಂ-1ರ 64ರಷ್ಟು ಎಸ್‌ಟಿಎಂ-64; ಅದರ ದರ ಸೆಕೆಂಡಿಗೆ 995 ಕೋಟಿ 32 ಲಕ್ಷ 80 ಸಾವಿರ ಬಿಟ್. ಇದನ್ನೇ ಬಾಯಿಮಾತಿನಲ್ಲಿ 10 ಗಿಗಾಬಿಟ್ ಎನ್ನುತ್ತಾರೆ. ಇದರಲ್ಲಿ ಮಾತಿನ ಜಾಗ 1,20,960. ಬೆಳಕಿನಲ್ಲಿ ಬಣ್ಣಗಳು ಹಲವು. ಕಣ್ಣಿಗೆ ಕಾಣದ ಅವಕೆಂಪಿನಲ್ಲಿ ಒಂದಕ್ಕೊಂದು ತುಸುವೇ ಬೇರೆಯಾದ 80 ಬಣ್ಣಗಳನ್ನು ಆರಿಸಿ, ಪ್ರತಿಯೊಂದರ ಮೇಲೂ ಇಂತಹ ಒಂದು ಹೊರೆಯನ್ನು ಏರಿಸಿ, ಎಲ್ಲವನ್ನೂ ಒಂದೇ ಎಳೆಯಲ್ಲಿ ಕಳುಹಿಸುವುದು ಇಂದು ಹಳೆಯ ವಿದ್ಯೆಯೇ ಆಗಿದೆ. ಆಗ ಹೋಗಲು ಒಂದು, ಬರಲು ಒಂದು ಎಂಬ ಜೋಡಿ ಎಳೆಯಲ್ಲಿ 96 ಲಕ್ಷ 76 ಸಾವಿರದ 800 ಮಾತುಗಳು ಏಕಕಾಲಕ್ಕೆ ಸಾಗಬಹುದು. 2011ರ ಜನಗಣತಿಯಂತೆ ನಮ್ಮ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17 ಲಕ್ಷ 76 ಸಾವಿರ. ಜಿಲ್ಲೆಯ ಹಸುಗೂಸಿನಿಂದ ಮುದುಕರವರೆಗೆ ಎಲ್ಲರೂ ಒಟ್ಟಿಗೆ ಮಾತನಾಡಿದರೂ ಆ ಜೋಡಿ ಎಳೆಯ ಐದನೆಯ ಒಂದು ಪಾಲೂ ತುಂಬದು.

ಇಲ್ಲಿ ಒಂದು ಸಂದೇಹ ಬರಬಹುದು. ಬೆಳಕು ತಾಮ್ರದೊಳಗಿನ ವಿದ್ಯುತ್ತಿಗಿಂತ ಇಷ್ಟು ಸಾವಿರ ಪಾಲು ಶೀಘ್ರಗಾಮಿಯೆ? ಅಲ್ಲ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ದೂರವಾಣಿ ತಂತಿಯಲ್ಲಿ ಸಂಜ್ಞೆ ಸಾಗುವುದೂ ಸೆಕೆಂಡಿಗೆ ಲಕ್ಷ ಕಿಲೋಮೀಟರುಗಳ ಲೆಕ್ಕದಲ್ಲಿಯೇ. ಆಲೂರಿನಿಂದ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿಗೆ ಎಳೆಯಲ್ಲಿ ಒಂದು ಮಿನುಗು ತಲಪಲು ಸೆಕೆಂಡಿನ ಸಾವಿರದ ಒಂದು ಭಾಗ ಸಾಕು. ನಾವು ವೇಗ ವೇಗ ಎನ್ನುತ್ತಿರುವುದು ವಾಸ್ತವವಾಗಿ ವೇಗವಲ್ಲ, ಹರಿವಿನ ಹರಹು. ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಇನ್ನೊಂದು ನಿದರ್ಶನವಿದೆ. ಹಾಸನದಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳುತ್ತ ಬಂದಿದೆ. ಆ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅವುಗಳ ಮೂಲಕ ಎಷ್ಟೇ ದೊಡ್ಡ ಹರಿವನ್ನು ಕಳುಹಿಸಿದರೂ, ಏರಿ ಇಳಿಯುವ 72,000 ಕಿಲೋಮೀಟರಿಗೆ ಸುಮಾರು ಕಾಲು ಸೆಕೆಂಡು ತಡವಾಗಿಯೇ ತೀರುತ್ತದೆ. ಹರಹು ಬೇರೆ, ತಡ ಬೇರೆ.

ಕನ್ನಡದ ಮೇಷ್ಟರಾಗಿ ನನಗೆ ಪ್ರಿಯವಾದ ಒಂದು ಲೆಕ್ಕವನ್ನು ಹೇಳುತ್ತೇನೆ. ‘ಆಲೂರು’ ಎಂಬ ಹೆಸರನ್ನು ಯೂನಿಕೋಡ್ ಲಿಪಿಸಂಕೇತದಲ್ಲಿ ಬರೆದರೆ ಐದು ಸಂಕೇತಗಳಾಗುತ್ತವೆ: ಆಕಾರ, ಲಕಾರ, ದೀರ್ಘ ಕೊಂಬು, ರಕಾರ, ಕೊಂಬು. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಒಟ್ಟು 15 ಬೈಟ್, 120 ಬಿಟ್. 1962ರ ಮೋಡೆಮ್ ಪ್ರತಿ ಬೈಟ್‌ನ ಹಿಂದೆ ಮುಂದೆ ಒಂದೊಂದು ಬಿಟ್ ಸೇರಿಸಿ, ಬೈಟ್‌ಗೆ ಹತ್ತು ಬಿಟ್‌ನಂತೆ ಕಳುಹಿಸುತ್ತಿತ್ತು. ಹಾಗಾಗಿ ಅದು ನಮ್ಮ ಊರಿನ ಹೆಸರನ್ನು ಸೆಕೆಂಡಿಗೆ ಎರಡು ಸಲ ಹೇಳಬಲ್ಲದಾಗಿತ್ತು. 56,000ದ ಮೋಡೆಮ್ 466 ಸಲ ಹೇಳೀತು. 10 ಗಿಗಾಬಿಟ್‌ನ ಒಂದು ಬಣ್ಣದ ಬೆಳಕು ತನ್ನ ಪೂರ್ಣ ದರದಲ್ಲಿ 8 ಕೋಟಿ 29 ಲಕ್ಷ 44 ಸಾವಿರ ಸಲ ಹೇಳೀತು. ಇಂಗ್ಲಿಷ್ ಲಿಪಿಯಲ್ಲಿ ಇದೇ ಹೆಸರಿಗೆ ನಾಲ್ಕೇ ಬೈಟ್ ಸಾಕು. ಕನ್ನಡಕ್ಕೆ ತೆರಬೇಕಾದ ಬೆಲೆ ನಾಲ್ಕರಷ್ಟಕ್ಕೆ ಸಮೀಪ. ಆದರೆ ಅಕ್ಷರದ ಹೊರೆ ಯಾವತ್ತೂ ಹಗುರ. ಐದು ಲಕ್ಷ ಸಂಕೇತಗಳ ಒಂದು ಕಾದಂಬರಿಯೂ 56,000ದ ಮೋಡೆಮ್‌ನಲ್ಲಿ ನಾಲ್ಕು ನಿಮಿಷದೊಳಗೆ ಬಂದು ಮುಟ್ಟುತ್ತದೆ. ಕನ್ನಡವನ್ನು ಕನ್ನಡ ಲಿಪಿಯಲ್ಲೇ ಕಳುಹಿಸಲು ತಂತಿ ಎಂದೂ ಅಡ್ಡ ಬರಲಿಲ್ಲ. ಭಾರವಾದದ್ದು ಚಿತ್ರ, ಚಲಚ್ಚಿತ್ರಗಳು.

ಚಿತ್ರದ ಲೆಕ್ಕಕ್ಕೆ ವ್ಯಸ್ತ ತ್ರೈರಾಶಿಕ ಬೇಕು: ದರ ಹೆಚ್ಚಿದಷ್ಟೂ ಕಾಲ ಕಡಮೆ. ತೋಟದಲ್ಲಿ ಕಾಫಿಯ ಎಲೆಗೆ ತುಕ್ಕುರೋಗ ತಗುಲಿದೆ ಎನ್ನಿ. ಬೆಳೆಗಾರ ಅದರ ಛಾಯಾಚಿತ್ರ ತೆಗೆದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಂತಹ ಕಡೆಗೆ ಕಳುಹಿಸಿ ಸಲಹೆ ಕೇಳಬೇಕು. ಚಿತ್ರ 40 ಲಕ್ಷ ಬೈಟ್, ಎಂದರೆ 3 ಕೋಟಿ 20 ಲಕ್ಷ ಬಿಟ್. 1962ರ ಮೋಡೆಮ್‌ನಲ್ಲಾದರೆ 37 ಗಂಟೆ. ವಿ.90 ಮೋಡೆಮ್‌ನಲ್ಲಿ 56,000ದಿಂದ ಭಾಗಿಸಿ ಒಂಬತ್ತೂವರೆ ನಿಮಿಷ ಎನ್ನಬಾರದು. ಚಿತ್ರ ಹೊರಗೆ ಹೋಗಬೇಕಾಗಿರುವುದರಿಂದ ಏರುಮುಖದ 33,600ರಿಂದ ಭಾಗಿಸಬೇಕು. ಸುಮಾರು 16 ನಿಮಿಷ. ಸೆಕೆಂಡಿಗೆ 20 ಲಕ್ಷ ಬಿಟ್‌ನ ಸಂಪರ್ಕದಲ್ಲಿ 16 ಸೆಕೆಂಡು. 10 ಕೋಟಿ ಬಿಟ್‌ನ, ಎಂದರೆ 100 ಮೆಗಾಬಿಟ್‌ನ ಸಂಪರ್ಕದಲ್ಲಿ ಸೆಕೆಂಡಿನ ಮೂರನೆಯ ಒಂದು ಭಾಗ. ಇವೆಲ್ಲವೂ ಹಾದಿ ಪೂರ್ತಿ ನಮ್ಮೊಬ್ಬರಿಗೇ ದೊರೆತರೆ ಎಂಬ ಷರತ್ತಿಗೆ ಒಳಪಟ್ಟ ಮಾತು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಈ ಷರತ್ತಿನಲ್ಲಿಯೇ ಅಡಗಿದೆ.

ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ಎಳೆಯನ್ನು ತಲಪಿಸುವ ರಾಷ್ಟ್ರೀಯ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು. ಈಗ ಭಾರತ್‌ನೆಟ್ ಎಂದು ಅದರ ಹೆಸರು. ದೇಶದ ಸುಮಾರು ಎರಡೂವರೆ ಲಕ್ಷ ಪಂಚಾಯಿತಿಗಳಿಗೆ ತಲಾ 100 ಮೆಗಾಬಿಟ್ ಒದಗಿಸುವುದು ಅದರ ಗುರಿಯಾಗಿತ್ತು. ಕೆಲವು ವರ್ಷಗಳ ಕೆಳಗೆ ನಮ್ಮ ಕಡೆಯ ಒಂದು ಗ್ರಾಮಸಭೆಯಲ್ಲಿ ನಾನೂ ಕುಳಿತಿದ್ದೆ. ಸಂಪರ್ಕದ ವಿಚಾರ ತಿಳಿಸಲು ಬಂದಿದ್ದ ಯುವಕರೊಬ್ಬರು, ಇದು ಹಳೆಯ ಮೋಡೆಮ್‌ಗಿಂತ 1,785 ಪಟ್ಟು ಹೆಚ್ಚು ಎಂದು ಘೋಷಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. 10 ಕೋಟಿಯನ್ನು 56,000ದಿಂದ ಭಾಗಿಸಿದರೆ ಬರುವುದು ಅಷ್ಟೇ. ಚಪ್ಪಾಳೆಯೂ ಬಿತ್ತು. ಆಗ ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಹೆಣ್ಣುಮಗಳೊಬ್ಬರು ಎದ್ದು, “ಅದೆಲ್ಲಾ ಸರಿ ಕಣಪ್ಪ, ಎಲ್ಲಾರೂ ಒಂದೇ ಸಲ ನಲ್ಲಿ ಬಿಟ್ರೆ ಕೊನೇ ಮನೆಗೂ ನೀರು ಬತ್ತದಾ?” ಎಂದು ಕೇಳಿದರು. ಸಭೆ ನಕ್ಕಿತು. ಯುವಕರು ಉತ್ತರಿಸದೆ ಮುಂದಿನ ವಿಷಯಕ್ಕೆ ಹೋದರು.

ಆಕೆಯ ಪ್ರಶ್ನೆಗೆ ಉತ್ತರ ಹೇಳುವುದು ಸಾಧ್ಯ. ಅದಕ್ಕೂ ತ್ರೈರಾಶಿಕ ಸಾಕು. ಯಾವ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದೆಂಬುದಕ್ಕೆ ನಮ್ಮ ಸರ್ಕಾರದ ವ್ಯಾಖ್ಯೆ ಇದೆ. 2004ರಲ್ಲಿ ಕನಿಷ್ಠ 256 ಕಿಲೋಬಿಟ್ ಎಂದಿದ್ದುದು 2013ರಲ್ಲಿ 512 ಆಯಿತು. 2023ರಲ್ಲಿ 2 ಮೆಗಾಬಿಟ್ ಆಯಿತು. ಪಂಚಾಯಿತಿಗೆ ಬಂದ ಹರಿವು 100 ಮೆಗಾಬಿಟ್ ಎನ್ನಿ. ಅದನ್ನು 2ರಿಂದ ಭಾಗಿಸಿದರೆ 50. ಐವತ್ತು ಮಂದಿ ಒಂದೇ ಗಳಿಗೆಯಲ್ಲಿ ಬಳಸುವವರೆಗೆ ಪ್ರತಿಯೊಬ್ಬರಿಗೂ ಸರ್ಕಾರದ ವ್ಯಾಖ್ಯೆಯ ಬ್ರಾಡ್‌ಬ್ಯಾಂಡ್ ಸಿಕ್ಕೀತು. ಐವತ್ತೊಂದನೆಯವರು ಬಂದೊಡನೆ ಎಲ್ಲರ ಪಾಲೂ ಆ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಪಂಚಾಯಿತಿ ಎಂದರೆ ಹಲವು ಹಳ್ಳಿಗಳು, ನೂರಾರು ಮನೆಗಳು. ಎಲ್ಲರೂ ಒಂದೇ ಗಳಿಗೆಯಲ್ಲಿ ಬಳಸುವುದಿಲ್ಲ ಎಂಬ ನಂಬಿಕೆಯ ಮೇಲೆ ಇಂತಹ ಏರ್ಪಾಡುಗಳೆಲ್ಲ ನಿಂತಿವೆ. ಸಾಮಾನ್ಯ ದಿನಗಳಲ್ಲಿ ಆ ನಂಬಿಕೆ ಸುಳ್ಳಾಗುವುದಿಲ್ಲ. ಆದರೆ 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳೆಲ್ಲ ಪರದೆಗೆ ಬಂದಾಗ ಎಲ್ಲ ಮನೆಗಳಿಗೂ ಬೆಳಗಿನ ಅದೇ ಗಳಿಗೆಯಲ್ಲೇ ಹರಿವು ಬೇಕಾಯಿತು. ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ ಚಿತ್ರಗಳನ್ನು ನಾಡೆಲ್ಲ ಕಂಡಿತು. ಆ ಮಕ್ಕಳಿಗೆ 1,785 ಪಟ್ಟು ಎಂಬ ಮಾತಿನಿಂದ ಏನೂ ಆಗಬೇಕಾಗಿರಲಿಲ್ಲ; ತಮ್ಮ ಪಾಲಿಗೆ ಎಷ್ಟು ಎಂಬುದಷ್ಟೇ ಬೇಕಾಗಿತ್ತು.

ಮನೆಗೆ ನೇರವಾಗಿ ಎಳೆ ಬಂದಾಗಲೂ ಹಂಚಿಕೆ ತಪ್ಪಿದ್ದಲ್ಲ. ಮನೆಗಳಿಗೆ ಎಳೆಯೊದಗಿಸುವ ಜಿಪಾನ್ ಎಂಬ ರೂಢಿಯ ಪದ್ಧತಿಯಲ್ಲಿ ವಿನಿಮಯ ಕೇಂದ್ರದಿಂದ ಹೊರಡುವ ಒಂದೇ ಎಳೆಯ ಬೆಳಕನ್ನು ಹಾದಿಯಲ್ಲಿ 32 ಅಥವಾ 64 ಮನೆಗಳಿಗೆ ಒಡೆದು ಹಂಚುತ್ತಾರೆ. ಇಳಿಮುಖದ ಒಟ್ಟು ಹರಿವು ಸುಮಾರು 2,488 ಮೆಗಾಬಿಟ್. ಏರುಮುಖದ್ದು ಅದರ ಅರ್ಧ. 32 ಮನೆಗಳೂ ಒಟ್ಟಿಗೆ ಬಳಸಿದರೆ ಮನೆಗೆ 77 ಮೆಗಾಬಿಟ್ ಚಿಲ್ಲರೆ. 64 ಮನೆಗಳಾದರೆ ಅದರ ಅರ್ಧ. ಹಳೆಯ ಮೋಡೆಮ್ ಎಷ್ಟೇ ಬಡವಾಗಿದ್ದರೂ ಮನೆಯಿಂದ ವಿನಿಮಯ ಕೇಂದ್ರದವರೆಗಿನ ಆ ಜೋಡಿ ತಂತಿ ನಮ್ಮೊಬ್ಬರದೇ ಆಗಿತ್ತು. ಎಳೆಯ ಹರಿವು ಸಹಸ್ರ ಪಾಲು ದೊಡ್ಡದು, ಆದರೆ ಊರಿನದು. ಇಷ್ಟಾದರೂ ಎಳೆಯೇ ಮೇಲು ಎಂಬುದರಲ್ಲಿ ಸಂದೇಹವಿಲ್ಲ. ಕಡೆಯ ಪಾಲು 38 ಮೆಗಾಬಿಟ್ ಆದರೂ ಅದು ಮೋಡೆಮ್‌ನ 56,000ದ ಸುಮಾರು 700ರಷ್ಟು. ಆದರೆ ಕೇಂದ್ರದಿಂದ ಆಚೆಗೆ ಹೋಗುವ ಎಳೆ ಇಕ್ಕಟ್ಟಾಗಿದ್ದರೆ ಈ ಲೆಕ್ಕವೂ ನಿಲ್ಲದು. ಕಾಲುವೆ ಎಷ್ಟೇ ಅಗಲವಾಗಿರಲಿ, ತೂಬಿನಲ್ಲಿ ಹಿಡಿಸುವಷ್ಟೇ ನೀರು ಗದ್ದೆಗೆ ಬರುತ್ತದೆ.

ಆದುದರಿಂದ ಮಾಹಿತಿಯ ಹೊಳೆಯನ್ನು ಮನೆಗೋ ಊರಿಗೋ ತರಿಸಿಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಇವು. ನೀವು ಹೇಳುವ ಅಂಕಿ ಬಿಟ್‌ನದೋ ಬೈಟ್‌ನದೋ? ಅದು ಇಳಿಮುಖದ್ದೋ ಏರುಮುಖದ್ದೋ? ಅದು ಹಾದಿಯ ಒಟ್ಟು ದರವೋ, ಮೇಲ್ವೆಚ್ಚ ಕಳೆದು ಬಳಕೆಗೆ ಸಿಕ್ಕುವ ದರವೋ? ಅದನ್ನು ಎಷ್ಟು ಮನೆಗಳು ಹಂಚಿಕೊಳ್ಳುತ್ತವೆ? ಇಲ್ಲಿಂದ ಆಚೆಗೆ ಎಲ್ಲಿ ಇಕ್ಕಟ್ಟಿದೆ? ಈ ಐದಕ್ಕೂ ಉತ್ತರ ಬಂದ ಮೇಲೆಯೇ ತ್ರೈರಾಶಿಕ ಹಾಕಬೇಕು. ಸಂತೆಯ ಸೇರಿಗೆ, ಅಂಗಡಿಯ ತೂಕದ ಬಟ್ಟಿಗೆ ಸರ್ಕಾರದ ಮುದ್ರೆ ಇರುತ್ತದೆ. ಅದನ್ನು ನೋಡಿ ನಂಬಬಹುದು. ಬೆಳಕಿನ ಎಳೆಗೆ ಅಂತಹ ಮುದ್ರೆಯನ್ನು ಒತ್ತಿ ಕೈಗೆ ಕೊಡುವವರಿಲ್ಲ. ಅಳತೆಯನ್ನು ನಾವೇ ಕಲಿಯಬೇಕು. ಕಲಿತು ಸಭೆಯಲ್ಲಿ ಎದ್ದು ಕೇಳಬೇಕು. ಹಿಂದಿನ ಸಾಲಿನಲ್ಲಿ ಕುಳಿತವರು ಕೇಳಿದರೂ ಉತ್ತರ ಹೇಳಬೇಕಾದದ್ದು ಮುಂದೆ ನಿಂತವರ ಕರ್ತವ್ಯ. ರಾಜಾದಿತ್ಯನಂತಹವರು ಲೆಕ್ಕವನ್ನು ಕನ್ನಡಕ್ಕೆ ತಂದದ್ದು ವಿದ್ವಾಂಸರ ಕೌತುಕಕ್ಕೆಂದಲ್ಲ, ವ್ಯವಹಾರದಲ್ಲಿ ಸಾಮಾನ್ಯರು ಮೋಸ ಹೋಗದಿರಲಿ ಎಂದು ನಾನು ನಂಬುತ್ತೇನೆ. ಹೊಸ ಕೊಳಗ ಬಂದಿದೆ. ಹಳೆಯ ವಿವೇಕ ಅದಕ್ಕೂ ಸಾಲುತ್ತದೆ.